ಮಗ್ಗದ ಖೋಲಿಯ ಬಾಗಿಲು

"ಬೀಗತಿ, ನಿಮ್ಮ ಮಗಳನ್ನ ಕರ್ಕೊಂಡ ಹೋಗ್ರಿ. ದೇವರ ಎಡಿ ಮಾಡೋ ಕೈ ಗಳಿಗ್ಗೊಮ್ಮೆ ಪಾಯಖಾನಿ ಚರಗಿ ಹಿಡೀತೈತಿ. ಇಂಥಾ ಮೈಲಿಗಿ ನಮ್ಮ ಮನ್ಯಾಗ ನಡಿಯಂಗಿಲ್ಲ."

ಬನಶಂಕರೆವ್ವನ ಮಾತು ಕೇಳಿ, ಲಕ್ಷ್ಮೇಶ್ವರದಿಂದ ಬಂದಿದ್ದ ನೀಲಗಂಗವ್ವ ಚಹಾದ ಕಪ್ಪನ್ನು ಹಾಗೇ ಕೆಳಗಿಟ್ಟಳು. ಬೆಟಗೇರಿಯ ಆ ನೇಕಾರರ ಮನೆಯ ಪಡಸಾಲೆಯಲ್ಲಿ ಕಂಬ ಹಿಡಿದು ನಿಂತ ಮಗಳು ಅಂಕಿತಾಳನ್ನು ನೋಡಿ ಅವಳ ಕರುಳು ಕಿತ್ತು ಬಂತು. ಎರಡು ವರ್ಷದಿಂದ ಆ ಹುಡುಗಿಯ ಕಿಬ್ಬೊಟ್ಟೆಯಲ್ಲಿ ಕೆಂಡ ಇಟ್ಟಂಥ ನೋವು. ಮೂತ್ರ ತುಂಬಿದರೂ ನೋವು, ಹೋಗಿ ಬಂದರೂ ಮತ್ತೆ ಅವಸರ... ಎಷ್ಟು ಸಲ ತಪಾಸಣೆ ಮಾಡಿಸಿದರೂ ಸೋಂಕಿಲ್ಲ ಎಂದೇ ವರದಿ. ವರದಿಯಲ್ಲಿ ರೋಗವಿಲ್ಲ ಎಂದ ಮೇಲೆ ಅತ್ತೆಯ ಕಣ್ಣಿಗೆ ಅದು ಬರೀ ಸೋಗು! ಒಮ್ಮೆ ಹೋಗಿ ಬಂದರೆ ಸೀರೆ ಬದಲಿಸದೆ ಅಡಿಗೆಮನೆಗೆ ಕಾಲಿಡಬಾರದೆಂದು ಆಕೆಯ ಕಟ್ಟಳೆ. ಪಾಪದ ಹುಡುಗಿ ದಿನಕ್ಕೆ ಎಷ್ಟು ಸೀರೆ ಉಟ್ಟಾಳು? ನೀರು ಕುಡಿಯುವುದನ್ನೇ ಬಿಟ್ಟಳು, ಮೈ ಬಿಗಿಹಿಡಿದು ತಡೆದಳು. ನೋವು ಹೆಚ್ಚಿತು. ಗಂಡ ಪ್ರಲ್ಹಾದ ಒಳ್ಳೆಯವನೇ, ಆದರೆ ತಾಯಿಯ ಎದುರು ಬಾಯಿಗೆ ಬೀಗ.

ಕಡೆಗೆ ಗದಗಿನ ಡಾಕ್ಟರು ಅವಳನ್ನು ಫಿಜಿಯೋಥೆರಪಿಯ ಸುನಿತಾ ಮೇಡಂ ಹತ್ತಿರ ಕಳಿಸಿದ್ದರು. "ಮೂತ್ರಚೀಲದ ಕೆಳಗಿನ ಸ್ನಾಯು ಬಿಗದಾವ. ಸಡಲ ಬಿಡೂದು ಕಲೀಬೇಕು. ನೋವು ಪೂರಾ ಹೋಗತೈತಿ ಅಂತ ಮಾತ ಕೊಡಂಗಿಲ್ಲ, ಕಡಿಮಿ ಆಗತೈತಿ," ಎಂದಿದ್ದರು ಮೇಡಂ. ಮೊಣಕಾಲು ಮಡಚಿ ಮಲಗಿ, ಹೊಟ್ಟೆ ಉಬ್ಬುವಂತೆ ಉಸಿರೆಳೆದು, ಕೆಳಗಿನ ಬಿಗಿ ಬಿಡುವ ವ್ಯಾಯಾಮ. ಮಗ್ಗದ ಖೋಲಿಯಲ್ಲಿ ಅವಳು ಹಾಗೆ ಮಲಗಿದ್ದನ್ನು ಕಂಡ ಅತ್ತೆ ನಾಚಿಕೆಗೇಡೆಂದು, ಬಾಗಿಲು ಹಾಕಿಕೊಳ್ಳದಂತೆ ಒಳಗಿನ ಚಿಲಕವನ್ನೇ ಕೀಳಿಸಿದಳು. ಅವತ್ತೇ ಬೀಗತಿಗೆ ಫೋನೂ ಹೋಯಿತು.

"ನಡಿಯವ್ವ, ಸೀರಿ ಅರಬಿ ಕಟ್ಟಿಕೋ," ನೀಲಗಂಗವ್ವ ಕಣ್ಣೊರೆಸಿಕೊಂಡಳು. "ನಮ್ಮ ಮನ್ಯಾಗ ನಿನಗ ಯಾರೂ ಏನೂ ಅನ್ನಂಗಿಲ್ಲ."

"ನಾ ಬರಂಗಿಲ್ಲವ್ವ."

ಬೀಗತಿಯರಿಬ್ಬರೂ ತಲೆಯೆತ್ತಿದರು.

"ಮೇಡಂ ಕಡೆ ವಾರ ವಾರ ಹೋಗಬೇಕು. ಲಕ್ಷ್ಮೇಶ್ವರದಿಂದ ಬಸ್ಸಿನ್ಯಾಗ ಕುಂತು ಬರಾಕ ನನ್ನಿಂದ ಆಗಂಗಿಲ್ಲ. ಈಗೀಗ ಜರಾ ನಿದ್ದಿ ಹತ್ತಾಕತ್ತೈತಿ... ಅದನ್ನ ಬಿಟ್ಟು ಬರಂಗಿಲ್ಲ." ಅಂಕಿತಾ ಅತ್ತೆಯತ್ತ ತಿರುಗಿದಳು. "ಅತ್ತಿ, ಅಡಿಗಿಮನಿ ನಿಮಗ ಇರ್ಲಿ. ಬೈದ್ರ ಬೈಸ್ಕೋತೇನಿ. ಮುಂಜಾನಿ, ಸಂಜಿಕಿ ಆ ಖೋಲಿ ನನಗ ಬೇಕು. ಬಾಗಲಕ್ಕ ಚಿಲಕ ಇಲ್ಲದಿದ್ರೂ ನಾ ವ್ಯಾಯಾಮ ಮಾಡಾಕಿನ."

"ನಾಳೆ ಚಿಲಕ ನಾ ಮತ್ತ ಹಾಕ್ತೇನವ್ವಾ," ಎಂದ ಹೊಸ್ತಿಲ ಬಳಿ ನಿಂತಿದ್ದ ಪ್ರಲ್ಹಾದ, ತಾಯಿಯ ಮುಖ ನೋಡದೆ.

ಅಂಕಿತಾ ಚಾಪೆ ಹಿಡಿದು ಖೋಲಿಗೆ ಹೋದಳು. ಬನಶಂಕರೆವ್ವ ಕುಳಿತಲ್ಲೇ ಕುಳಿತಳು. ಸೋಗಿನವಳಾಗಿದ್ದರೆ ತವರು ಕರೆದ ಕೂಡಲೇ ಓಡುತ್ತಿದ್ದಳಲ್ಲ? ಮೈಗಳ್ಳಿಗೆ ತವರಿಗಿಂತ ಸುಖದ ಜಾಗ ಎಲ್ಲಿದೆ? ಬೈಸಿಕೊಂಡಾದರೂ ಇಲ್ಲೇ ಇರುತ್ತೇನೆ ಎನ್ನಬೇಕಾದರೆ, ಆ ನೋವು ಖರೆಯೇ ಇರಬೇಕು... ಇಷ್ಟು ದಿನ ತಾನು ಮಾಡಿದ್ದೇನು?

ಅಷ್ಟರಲ್ಲಿ ಸುದ್ದಿಗೆಂದು ಪಕ್ಕದ ಮನೆಯ ಸಿದ್ದಲಿಂಗವ್ವ ಹೊಸ್ತಿಲು ದಾಟಿದಳು. "ಸೊಸಿ ತವರಿಗೆ ಹೊಂಟ್ಲೇನ?"

ಬನಶಂಕರೆವ್ವ ಎದ್ದು ಹೋಗಿ ಮಗ್ಗದ ಖೋಲಿಯ ಬಾಗಿಲು ಎಳೆದುಕೊಂಡು, ಅದಕ್ಕೆ ಬೆನ್ನು ಕೊಟ್ಟು ನೆಲಕ್ಕೆ ಕುಳಿತಳು.

"ಎಲ್ಲಿಗೆ ಹೋಗ್ತಾಳ? ಒಳಗ ಔಷಧ ನಡದೈತಿ. ಮೆಲ್ಲಕ ಮಾತಾಡು."