ನಾಲ್ಕು ಬೆರಳ ಹುಲ್ಲು

“ನಂದಾ, ನಿನ್ನ ಬಾಕಿನ ಮ್ಯಾಲ ಇರಿವಿ ಅದಾವೇನು? ಒಂದ್ ಕಡೆ ಕುಂದ್ರವಾ!”

ವಿದ್ಯಾವತಿ ಟೀಚರ್ ಮೂರನೆಯ ಸಲ ಗದರಿದರು. ಐದನೆಯ ತರಗತಿಯ ಮಕ್ಕಳೆಲ್ಲ ಕಿಸಕ್ಕನೆ ನಕ್ಕರು. ನಂದಾ ಕುಳಿತಳು. ಕುಳಿತರೂ ಅವಳ ಕುತ್ತಿಗೆ ಮಾತ್ರ ಕಿಟಕಿಯ ಕಡೆಗೇ ತಿರುಗುತ್ತಿತ್ತು.

ಕಿಟಕಿಯಾಚೆ ತಂತಿಬೇಲಿ, ಅದರಾಚೆ ಕಾಲೇಜಿನ ಮೈದಾನ. ಅಲ್ಲಿ ಅವಳ ಅಪ್ಪ ಲಗಮಣ್ಣ ಹುಲ್ಲು ಕತ್ತರಿಸುವ ಹೊಸ ಗಾಡಿ ಓಡಿಸುತ್ತಿದ್ದ. ನೋಡಲು ಪುಟ್ಟ ಟ್ರ್ಯಾಕ್ಟರ್. ಮೇಲೆ ಸೀಟು, ಸ್ಟೇರಿಂಗು. ಹೊಟ್ಟೆಯ ಕೆಳಗಿನ ತಗಡಿನ ಡಬ್ಬಿಯಲ್ಲಿ ಬ್ಲೇಡು. ಜತ್ತ ಊರಿಗೆ ಅಂಥದ್ದು ಬಂದಿದ್ದು ಅದೇ ಮೊದಲು. “ಎಮ್ಮಿ ಇಲ್ದ ಹುಲ್ಲು ಕೊಯ್ಯೂದು ಯಾವ ಊರಾಗೈತೋ!” ಎಂದು ಅಜ್ಜಿ ನಕ್ಕಿದ್ದಳು. ಅಪ್ಪ ಮಾತ್ರ ಸಾಂಗಲಿಗೆ ಹೋಗಿ ಮೂರು ದಿನ ಅದನ್ನು ಓಡಿಸಲು ಕಲಿತು ಬಂದಿದ್ದ. ದಿನಾ ತನ್ನ ಹೆಗಲ ಟವೆಲಿನಿಂದಲೇ ಅದನ್ನು ಒರೆಸುತ್ತಿದ್ದ.

ಹುಲ್ಲು ಕತ್ತರಿಸಿದರೆ ಹಸಿರು ಚೂರು ಹಾರಬೇಕು. ಈಗ ಕೆಂಪು ಧೂಳು ಏಕೆ ಏಳುತ್ತಿದೆ?

ನಂದಾ ಬಾಕಿನಿಂದ ಅರ್ಧ ಎದ್ದು ನೋಡಿದಳು. ಬೆಳಿಗ್ಗೆ ಅವಳೊಂದು ಕೆಲಸ ಮಾಡಿದ್ದಳು. “ಹುಲ್ಲು ನೆಲದಿಂದ ನಾಲ್ಕು ಬೆರಳು ಉಳೀಬೇಕು ನೋಡು” ಎಂದು ಮೈದಾನ ನೋಡಿಕೊಳ್ಳುವ ಮಹಾಂತ ಸರ್ ಅಪ್ಪನಿಗೆ ಹೇಳಿ ಹೋಗಿದ್ದು ಅವಳಿಗೂ ಕೇಳಿಸಿತ್ತು. ಅಪ್ಪ ಪೆಟ್ರೋಲ್ ತರಲು ಹೋದಾಗ ಅವಳು ನೆಲಕ್ಕೆ ಮಲಗಿ, ಡಬ್ಬಿಯ ಅಂಚಿನ ಕೆಳಗೆ ನಾಲ್ಕು ಬೆರಳು ಒಂದರ ಮೇಲೊಂದು ಬರುವಂತೆ ಇಟ್ಟು ನೋಡಿದ್ದಳು. ಬೆರಳ ಮೇಲೆ ಇನ್ನೂ ಜಾಗ ಉಳಿದಿತ್ತು. ಅಪ್ಪ ತಪ್ಪಿದ್ದಾನೆ! ಸೀಟಿನ ಪಕ್ಕದ ಲಿವರ್ ಐದನೆಯ ನಂಬರಿನಲ್ಲಿತ್ತು. ಜಗ್ಗಿ ಮೂರಕ್ಕೆ ಇಳಿಸಿದಳು. ಈಗ ಅಂಚು ಬೆರಳಿಗೆ ಸರಿಯಾಗಿ ತಾಗಿತು. ಅಷ್ಟರಲ್ಲಿ ಶಾಲೆಯ ಗಂಟೆ ಹೊಡೆಯಿತು. ಸಂಜೆ ಹೇಳಿ ಶಾಬಾಸ್ ಅನ್ನಿಸಿಕೊಂಡರಾಯಿತು ಎಂದು ಓಡಿ ಬಂದಿದ್ದಳು.

ಹೊರಗೆ ಗಾಡಿಯ ಸದ್ದು ತಟ್ಟನೆ ನಿಂತಿತು.

ಬಿಡುವಿನ ಗಂಟೆ ಹೊಡೆದದ್ದೇ ತಡ, ನಂದಾ ಎದ್ದಳು. “ಊಟದ ಡಬ್ಬಿ ಬಿಚ್ಚೂದಿಲ್ಲೇನು?” ಎಂದು ಪಕ್ಕದ ಕರಿಷ್ಮಾ ಕೇಳುವಷ್ಟರಲ್ಲಿ ಬೇಲಿ ದಾಟಿಯಾಗಿತ್ತು.

ಮೈದಾನದ ನಡುವೆ ಎರಡು ಪಟ್ಟಿ ಬೋಳಾಗಿದ್ದವು. ನೆಲ ಉಬ್ಬಿದ ಕಡೆಯಲ್ಲೆಲ್ಲ ಬೇರು ಸಮೇತ ಕಿತ್ತು ಬಂದಿತ್ತು. ಗಾಡಿಯ ಪಕ್ಕದಲ್ಲಿ ಅಪ್ಪ ತಲೆತಗ್ಗಿಸಿ ನಿಂತಿದ್ದ. ಅವನ ಹೆಗಲು ಬರಿದಾಗಿತ್ತು. ಟವೆಲ್ ಲಿವರಿನ ಮೇಲೆ ಬಿದ್ದಿತ್ತು.

“ನಾಡಿದ್ದು ಗುಡ್ಡಾಪುರದ ಟೀಮ್ ಆಡಾಕ ಬರತೈತಿ. ಅವರಿಗೆ ಇದನ್ನ ತೋರಸ್ಲೇನು?” ಮಹಾಂತ ಸರ್ ಕೂಗಾಡುತ್ತಿದ್ದರು. “ಕೀಲಿ ಕೊಡು ಇತ್ಲಾಗ. ನಾಳಿಂದ ನೀರು ಬಿಡೂ ಧನಾಜಿ ಓಡಸ್ತಾನ. ನೀ ಪೈಪ್ ಹಿಡದು ನೀರು ಬಿಡು.”

“ತಪ್ಪಾತ್ರಿ ಸರ್. ನಾ ಲಿವರ್ ನೋಡಲಿಲ್ಲ” ಎಂದು ಅಪ್ಪ ಕೀಲಿ ಕೊಟ್ಟುಬಿಟ್ಟ.

ನಂದಾಳಿಗೆ ಅಳು ಬಂತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಅಪ್ಪ ಇನ್ನು ಆ ಸೀಟಿನ ಮೇಲೆ ಕೂರುವುದೇ ಇಲ್ಲ.

“ಸರ್, ಲಿವರ್ ಇಳಿಸಿದಾಕಿ ನಾನ್ರಿ!”

“ನೀನಾ? ಯಾಕ?”

“ನಾಲ್ಕು ಬೆರಳು ಅಂತ ನೀವು ಹೇಳಿದ್ರೆಲ್ರಿ. ನಾ ಅಳದು ನೋಡೇ ಇಳಿಸೇನ್ರಿ.”

ನಂದಾ ಕೈ ಮುಂದೆ ಚಾಚಿದಳು. ಉಗುರಲ್ಲಿ ಇನ್ನೂ ಮಣ್ಣಿತ್ತು. ಮಹಾಂತ ಸರ್ ಆ ಕೈ ನೋಡಿದರು. ಆಮೇಲೆ ತಮ್ಮ ದಪ್ಪ ಬೆರಳುಗಳನ್ನು ನೋಡಿಕೊಂಡರು.

“ಅಂದಿದ್ದೆ, ಖರೆ” ಎಂದು ಗೊಣಗಿ, ಕೀಲಿಯನ್ನು ಅಪ್ಪನ ಕೈಗೆ ಹಾಕಿದರು. “ಚಲೋತ್ನ್ಯಾಗ ನೋಡಿ ಲಿವರ್ ಹಚ್ಚು. ಬೋಳು ಆದಲ್ಲಿ ನೀರು ಬಿಡು. ಈಕಿನ್ನ ಮೊದಲು ಸಾಲಿಗೆ ಕಳಸು.”

ಅವರು ಹೋದಮೇಲೆ ಅಪ್ಪ ತನ್ನ ಅಂಗೈಯನ್ನು ಸೀಟಿನ ಮೇಲೆ ಅಗಲವಾಗಿ ಇಟ್ಟ. “ಬಾಜೂಕ ನಿನ್ನ ಕೈ ಇಡು.”

ಅಪ್ಪನ ನಾಲ್ಕು ಬೆರಳಿನ ಅಗಲಕ್ಕೆ ಅವಳ ನಾಲ್ಕು ಸಾಲಲಿಲ್ಲ. ಇನ್ನೊಂದು ಕೈಯ ಎರಡು ಬೆರಳು ಸೇರಿಸಿದಳು. ಆಗ ಸರಿಹೋಯಿತು.

“ಆರು!” ಎಂದಳು.

“ಗಾಡಿ ಕೆಳಗ ಇನ್ನೊಮ್ಮೆ ಕೈ ಹಾಕು, ಕಾಲು ಮುರೀತೇನಿ” ಎನ್ನುತ್ತ ಅಪ್ಪ ಲಿವರ್ ಏರಿಸಲು ಟವೆಲ್ ತೆಗೆದ.

ಕರಿ ಹಿಡಿಕೆಯ ಮೇಲೆ ನಾಲ್ಕು ಸಣ್ಣ ಎಣ್ಣೆ ಬೆರಳ ಗುರುತುಗಳು ಮೂಡಿದ್ದವು. ಅವುಗಳಿಗೆ ಧೂಳು ಅಂಟಿತ್ತು. ಬೆಳಿಗ್ಗೆ ಅವ್ವ ಎಣ್ಣೆ ಹಚ್ಚಿ ಹೆರಳು ಹಾಕಿದಾಗ ನಂದಾ ಜಡೆ ಮುಟ್ಟಿ ಮುಟ್ಟಿ ನೋಡಿಕೊಂಡಿದ್ದಳು.

“ಅಪ್ಪಾ, ನಿನಗ ಮೊದಲೇ ಗೊತ್ತಿತ್ತಾ? ಅದಕ್ಕ ಟವೆಲ್ ಮುಚ್ಚಿದ್ದೇನು?”

ಅಪ್ಪ ಹಿಡಿಕೆ ಒರೆಸಿ, ಲಿವರನ್ನು ಐದಕ್ಕೆ ಏರಿಸಿ, ಟವೆಲ್ ಹೆಗಲಿಗೆ ಹಾಕಿಕೊಂಡ. ಗಂಟೆ ಹೊಡೆಯಿತು.

ತರಗತಿಯಲ್ಲಿ ಪಾಠ ಶುರುವಾಯಿತು. ಹೊರಗೆ ಗಾಡಿಯ ಸದ್ದೂ ಶುರುವಾಯಿತು. ಈ ಸಲ ನಂದಾ ಕಿಟಕಿಯ ಕಡೆ ತಿರುಗಲಿಲ್ಲ.

“ಏನವಾ, ಇರಿವಿ ಹೋದುವೇನು?” ಟೀಚರ್ ಕೇಳಿದರು.

“ಹೋದೂರಿ” ಎಂದಳು ನಂದಾ. ಮೆಲ್ಲಗೆ ಅಂಗೈ ಮೂಸಿ ನೋಡಿದಳು. ಕೊಬ್ಬರಿ ಎಣ್ಣೆಯ ಜೊತೆಗೆ ಈಗ ಸ್ವಲ್ಪ ಪೆಟ್ರೋಲಿನ ವಾಸನೆಯೂ ಇತ್ತು, ಅಪ್ಪನ ಕೈಯದು.