ತಿಮ್ಮಮ್ಮನ ಪುಸ್ತಕ

ಮಾಗಡಿಯ ಹಳೇ ಪುಸ್ತಕದಂಗಡಿಯಲ್ಲಿ ದೋಸೆ ಹಿಟ್ಟು, ಅಂಬಲಿ ಹುಳಿ ಬರಿಸುವ ಬಗ್ಗೆ ಎರಡು ಪುಸ್ತಕಗಳಿದ್ದವು. ನಾನು ಆರಿಸಿದ್ದು ನೆರಳಲ್ಲಿದ್ದರೂ ಜ್ವರದ ಮೈಯಂತೆ ಬೆಚ್ಚಗಿತ್ತು.

“ಅದು ತೀರ್ಕೊಂಡ ತಿಮ್ಮಮ್ಮಂದು ಕಣಮ್ಮ,” ಅಂದ ಅಂಗಡಿಯ ಮಾಯಣ್ಣ. “ಹಿಟ್ಟಿಗೆ ಸೌಟು ಹಾಕಿದ್ರೆ ಆವಮ್ಮ ಸುಮ್ನಿರ್ತಿರ್ಲಿಲ್ಲ, ಕೈಯಲ್ಲೇ ಕಲಸ್ಬೇಕು ಅನ್ನೋಳು. ಇನ್ನೊಂದು ತಗೊಂಡೋಗಿ.”

ನಾನು ಕೇಳದೆ ಅದನ್ನೇ ಕೊಂಡು ಮನೆಗೆ ತಂದೆ. ಕೈ ಯಾಕೆ ಅಂಟು ಮಾಡಿಕೊಳ್ಳಲಿ ಅಂತ ಹಿಟ್ಟನ್ನು ಸೌಟಲ್ಲೇ ಕಲಸಿಟ್ಟೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಉಬ್ಬಿದ ಹಿಟ್ಟಿನಲ್ಲಿ ಐದು ಬೆರಳು ತಿರುವಿದ ಗುರುತು. ಪಾತ್ರೆ ಬೆಚ್ಚಗಿತ್ತು. ಮನೆಯಲ್ಲಿ ನಾನೊಬ್ಬಳೇ, ಬಾಗಿಲ ಚಿಲಕ ಹಾಕಿದಂತೆಯೇ ಇತ್ತು.

ಹಿಟ್ಟು ಚೆಲ್ಲಿ, ಪುಸ್ತಕ ವಾಪಸ್ ಕೊಟ್ಟು ಬಂದೆ. ಅವತ್ತಿಂದ ಎಂಟು ದಿನ ಮನೆಯಲ್ಲಿ ಅಕ್ಕಿ ನೆನೆಹಾಕಿಲ್ಲ. ಆದರೂ ದಿನಾ ಏಳುವಾಗ ನನ್ನ ಬಲಗೈ ಉಗುರುಗಳ ಸಂದಿಯಲ್ಲಿ ಹುಳಿ ಹಿಟ್ಟಿರುತ್ತದೆ. ಇನ್ನೂ ಒಣಗಿರುವುದಿಲ್ಲ.