ಬಂದೂಕಿನ ಗಂಟಲು

ಆಟಿಕೆ ಬಂದೂಕಿನ ಸ್ಲೈಡು ಅರ್ಧಕ್ಕೆ ಬಂದು ಕಚ್ಚಿಕೊಂಡಿತು. ಹಂಪಮ್ಮ ಎಳೆದಳು, ದೂಡಿದಳು. ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಟ್ರಿಗರ್ ಒತ್ತಿದರೆ ಅದೂ ಕಲ್ಲಿನಂತೆ ಬಿಗಿ.

"ಏನ್ ಮಾಡ್ದಿ?" ಬಸವಂತರಾಯನ ಮುಖ ಸಣ್ಣದಾಯಿತು.

"ನಾ ಏನ್ ಮಾಡ್ಲಿ. ಡಾರ್ಟ್ ಹಾಕ್ದೆ, ಎಳದೆ."

"ಯಾವ ಡಾರ್ಟ್? ಕಾಲುವಿಗಿ ಬಿದ್ದಿತ್ತಲ್ಲ, ಅದಾ?"

ಹಂಪಮ್ಮ ಲಂಗದ ಒದ್ದೆಯನ್ನು ಮುದುರಿ ಹಿಡಿದಳು. ಅದೇ. ಹೊಲಗಾಲುವೆಯಲ್ಲಿ ತೇಲಿಹೋಗುತ್ತಿದ್ದ ಸ್ಪಂಜಿನ ಗುಂಡನ್ನು ಅವಳೇ ಹಿಡಿದು, ಹಿಂಡಿ, ಲಂಗಕ್ಕೆ ಒರೆಸಿ ಬಂದೂಕಿಗೆ ತುರುಕಿದ್ದಳು. ಹಿಂಡುವಾಗ ಅದು ಡೊಂಕಾಗಿದ್ದೂ ನಿಜ.

ಬಂದೂಕು ಬಸವಂತರಾಯನದು. ಅವನಪ್ಪ ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ ಗುಮಾಸ್ತ. ಹೈದರಾಬಾದಿನ ಮಾಮಾ ತಂದುಕೊಟ್ಟ ಈ ಬಂದೂಕು ಐದನೇ ಕ್ಲಾಸಿಗೆಲ್ಲ ಹೆಸರುವಾಸಿ. ಅದನ್ನೊಂದು ಸಲ ಮುಟ್ಟಲು ಹುಡುಗರು ಪೆನ್ಸಿಲ್ಲು, ಪೇರಲಹಣ್ಣು ಏನು ಬೇಕಾದರೂ ಕೊಡುತ್ತಿದ್ದರು. ಬಸವಂತರಾಯ ಮಾತ್ರ ಭಾನುವಾರ ಅದನ್ನು ಹೊತ್ತುಕೊಂಡು ಬಂದದ್ದು ಹಂಪಮ್ಮನ ಕುರಿಹಟ್ಟಿಗೆ. ಅವನಿಗೆ ಮರಿಗಳ ಜೊತೆ ಆಡುವ ಆಸೆ, ಇವಳಿಗೆ ಬಂದೂಕಿನ ಆಸೆ.

ಭತ್ತದ ಸುಗ್ಗಿ ಮುಗಿದಿತ್ತು. ಗೊಬ್ಬರವಾಗಲಿ ಎಂದು ರೈತರು ಕರೆದ ಗದ್ದೆಗಳಲ್ಲಿ ಹಂಪಮ್ಮನ ಮನೆಯವರು ಕುರಿ ನಿಲ್ಲಿಸುತ್ತಾರೆ. ಈ ವಾರ ಕಾಲುವೆಯ ಕೆಳಗಿನ ಗದ್ದೆ. ದಂಡೆಯ ಜಾಲಿಮರದಡಿ ಅವರ ಗುಡಾರ.

"ಊಟ ಮಾಡಿ ಬರ್ತೀನಿ. ಅಷ್ಟರಾಗ ಸರಿ ಮಾಡಿಡು," ಎಂದ ಬಸವಂತರಾಯ. "ನಮ್ಮಪ್ಪಗ ಗೊತ್ತಾದ್ರ ನನ್ನ ಚರ್ಮ ಸುಲೀತಾನ."

"ನಂಗೇನ್ ಬರ್ತದೋ ಇದು?"

"ಕುರಿ ಕಾಲ್ ಮುರುದ್ರ ಕಟ್ತೀರಿ. ಇದೇನ್ ಮಹಾ."

ಅವನು ಸೈಕಲ್ ಹತ್ತಿ ಹೊರಟೇ ಹೋದ.

ಹಂಪಮ್ಮ ಬಂದೂಕನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಮೊದಲು ಅದರ ಬಾಯಿಯಿಂದ ಜಾಲಿಕಡ್ಡಿ ಹಾಕಿ ಚುಚ್ಚಿದಳು. ಡಾರ್ಟು ಇನ್ನಷ್ಟು ಒಳಗೆ ಸರಿಯಿತು. ತಲೆಕೆಳಗು ಮಾಡಿ ಕುಟ್ಟಿದಳು. ಒಂದು ಹನಿ ನೀರು ಬಿತ್ತು, ಅಷ್ಟೇ.

ಆಗ ಅವಳಿಗೆ ಮರಿಯ ನೆನಪಾಯಿತು. ಹೋದ ಅಮಾವಾಸ್ಯೆಯ ಹೊತ್ತಿಗೆ ಕರಿಮರಿಯೊಂದರ ಗಂಟಲಿಗೆ ಶೇಂಗಾಹಿಂಡಿಯ ತುಂಡು ಸಿಕ್ಕಿಕೊಂಡು ಅದು ಕಣ್ಣು ಮೇಲೆ ಮಾಡಿತ್ತು. ಅವಳ ಅಜ್ಜಿ, ಆಯಿ, ತಡಕುತ್ತ ಬಂದು ಅದರ ಮೂತಿ ಮೇಲೆತ್ತಿ, ಗೊಟ್ಟದಿಂದ ಕುಸುಬಿ ಎಣ್ಣೆ ಬಿಟ್ಟು, ಕುತ್ತಿಗೆ ನೀವಿದ್ದಳು. ಗೊಟ್ಟ ಎಂದರೆ ಕುರಿಗೆ ಔಷಧ ಕುಡಿಸುವ ಬಿದಿರಿನ ನಳಿಗೆ. ಎಣ್ಣೆ ಇಳಿಯಿತು, ಹಿಂಡಿಯೂ ಇಳಿಯಿತು, ಮರಿ ಎದ್ದು ಅವ್ವನ ಕೆಚ್ಚಲಿಗೆ ಹೋಯಿತು.

ಹಂಪಮ್ಮ ಗುಡಾರದಿಂದ ಗೊಟ್ಟ ತಂದಳು. ಬಂದೂಕಿನ ಬಾಯಿ ಮೇಲಕ್ಕೆತ್ತಿ ಎಣ್ಣೆ ಬಿಟ್ಟಳು. ಪ್ಲಾಸ್ಟಿಕ್ಕಿನ ಕುತ್ತಿಗೆಯನ್ನು ಮೆಲ್ಲಗೆ ನೀವಿದಳು.

"ಇಳಿ, ಇಳಿ, ನನ್ನಪ್ಪ."

ಇಳಿಯಲಿಲ್ಲ. ಸ್ಪಂಜು ಎಣ್ಣೆಯನ್ನೆಲ್ಲ ಕುಡಿದು ಕುಳಿತಿತು. ಟ್ರಿಗರಿನ ಸಂದಿಯಿಂದ ಎಣ್ಣೆ ಸೋರಿ ಅವಳ ಲಂಗ ಹಾಳಾಯಿತು. ಇನ್ನು ಉಳಿದದ್ದು ಆಯಿಯೇ.

ಆಯಿ ಹಣಮಂತಮ್ಮ ಜಾಲಿಮರದ ನೆರಳಲ್ಲಿ ಕಂಬಳಿ ಹಾಸಿ, ಕಪ್ಪು ಕನ್ನಡಕ ಹಾಕಿಕೊಂಡು ಕುಳಿತಿದ್ದಳು. ಅವಳ ಎಡಗಣ್ಣು ಮುಳ್ಳು ಚುಚ್ಚಿ ಎಂದೋ ಹೋಗಿತ್ತು. ಬಲಗಣ್ಣಿಗೂ ಪೊರೆ ಬಂದು, ಎರಡು ವರ್ಷ ಆಕೆಗೆ ಹಗಲೂ ಮಬ್ಬೇ. ಮೊನ್ನೆ ಮೊನ್ನೆ ಶಹಾಪುರದ ಆಸ್ಪತ್ರೆಯಲ್ಲಿ ಆಪರೇಷನ್ ಆಗಿತ್ತು.

"ಕಣ್ಣಿಗಿ ಏನೂ ಬಡೀಬಾರ್ದು ನೋಡ್ರಿ," ಎಂದಿದ್ದರು ಡಾಕ್ಟರಮ್ಮ. "ಬಡೀತಂದ್ರ ಈ ಕಣ್ಣು ಮತ್ತ ಬರಂಗಿಲ್ಲ."

ಪಟ್ಟಿ ಬಿಚ್ಚಿದ ದಿನದಿಂದ ಆಯಿ ಕಂಡದ್ದಕ್ಕೆಲ್ಲ ಕೈಮುಗಿಯುತ್ತಿದ್ದಳು. ಗದ್ದೆಗಿಳಿದ ಬೆಳ್ಳಕ್ಕಿಗೆ, ಕಾಲುವೆಯ ನೀರಿಗೆ, ಕ್ಯಾಂಪಿನ ಕಡೆ ಹೋಗುವ ಬಸ್ಸಿಗೂ. "ಮೈಲಾರಲಿಂಗ, ಇದನ್ನೂ ತೋರಿಸ್ದೆಲ್ಲಪ್ಪ," ಎನ್ನುತ್ತಿದ್ದಳು. ಬಸ್ಸಿಗೆ ಕೈಮುಗಿದದ್ದನ್ನು ನೋಡಿ ಕಂಡಕ್ಟರನೂ ಒಂದು ದಿನ ಕೈಮುಗಿದು ಹೋಗಿದ್ದ.

"ಆಯಿ, ಇದರ ಗಂಟಲ್ದಾಗ ಸಿಕ್ಕೊಂಡದ."

"ಏನ್ ಸಿಕ್ಕದ?"

"ಸ್ಪಂಜು. ಎಣ್ಣಿ ಹಾಕೀನಿ, ಆದ್ರೂ ಇಳಿವಲ್ದು."

"ಎಣ್ಣಿ ಹಾಕಿದಿ? ನನ್ನ ಮೊಮ್ಮಗಳ ನೀ," ಎಂದು ಆಯಿ ನಕ್ಕಳು. "ತಾ ಇಲ್ಲಿ. ಗಂಟಲ ಯಾರದಾದ್ರೇನು."

ಹಂಪಮ್ಮ ಬಂದೂಕನ್ನು ಆಯಿಯ ಕೈಗಿಟ್ಟಳು. ಅಷ್ಟರಲ್ಲಿ ಒಂದು ಮರಿ ಬಂದು ಅವಳ ಎಣ್ಣೆಯ ಲಂಗ ನೆಕ್ಕತೊಡಗಿತು. ಅದನ್ನು ಬಿಡಿಸಲು ಅವಳು ಆಚೆ ತಿರುಗಿದಳು.

ಹಿಂದಿನಿಂದ ಸದ್ದು ಕೇಳಿತು. ಕಟಕ್.

ಆ ಸದ್ದು ಹಂಪಮ್ಮನಿಗೆ ಗೊತ್ತು. ಬೆಳಿಗ್ಗೆಯಿಂದ ಆಸೆಪಟ್ಟು ಕೇಳಿದ ಸದ್ದು. ಸ್ಲೈಡು ತನ್ನ ಜಾಗಕ್ಕೆ ಸೇರಿದರೆ ಮಾತ್ರ ಕಟಕ್ ಎನ್ನುತ್ತದೆ. ಎಣ್ಣೆಗೆ ಸಡಿಲವಾದ ಸ್ಲೈಡನ್ನು ಆಯಿ ಎಳೆದಿರಬೇಕು. ಕಟಕ್ ಎಂದಿತೆಂದರೆ ಬಂದೂಕು ಹಾರಲು ತಯಾರು.

ತಿರುಗಿ ನೋಡಿದಳು.

ಆಯಿ ಕಪ್ಪು ಕನ್ನಡಕ ತೆಗೆದು ಪಕ್ಕಕ್ಕಿಟ್ಟಿದ್ದಳು. ಗೊಟ್ಟದಲ್ಲಿ ಕಸ ಸಿಕ್ಕಿದರೆ ಆಕೆ ಯಾವಾಗಲೂ ಹಾಗೆಯೇ ಮಾಡುವವಳು. ನಳಿಗೆಯನ್ನು ಆಕಾಶದ ಬೆಳಕಿಗೆ ಹಿಡಿದು, ತುದಿಯನ್ನು ಕಣ್ಣಿಗೆ ಒತ್ತಿ, ತೂತು ನೋಡುವುದು. ಈಗಲೂ ಹಾಗೆಯೇ ಬಂದೂಕನ್ನು ಎತ್ತುತ್ತಿದ್ದಳು. ಬಂದೂಕಿನ ಬಾಯಿ ಬಲಗಣ್ಣಿನ ಕಡೆಗೆ ಬರುತ್ತಿತ್ತು. ಜಾರಬಾರದೆಂದು ಇನ್ನೊಂದು ಕೈ ಕೆಳಗೆ ಬಿಗಿಯಾಗಿ ಹಿಡಿದಿತ್ತು. ಟ್ರಿಗರ್ ಇರುವುದೂ ಅಲ್ಲಿಯೇ.

ಕೂಗಬೇಕು ಎನ್ನಿಸಿತು. ಕೂಗಿದರೆ ಆಯಿ ಬೆಚ್ಚುತ್ತಾಳೆ, ಬೆಚ್ಚಿದರೆ ಬೆರಳು ಬಿಗಿಯುತ್ತದೆ. ಹಂಪಮ್ಮನ ಕಾಲು ತಾನಾಗಿ ಹಾರಿತು. ಅವಳು ಕಂಬಳಿಯ ಮೇಲೆ ಬಿದ್ದು, ಬಂದೂಕಿನ ಬಾಯಿಗೂ ಆಯಿಯ ಕಣ್ಣಿಗೂ ನಡುವೆ ತನ್ನ ಅಂಗೈ ತೂರಿಸಿದಳು.

ಠಪ್.

ಎಣ್ಣೆ ಕುಡಿದ ಡಾರ್ಟು ಅಂಗೈಗೆ ಹೊಡೆದು ಕಂಬಳಿಯ ಮೇಲೆ ಬಿತ್ತು. ಆಯಿಯ ಗಲ್ಲದ ಮೇಲೆ ಎಣ್ಣೆಯ ಒಂದೆರಡು ಹನಿ ಸಿಡಿದವು.

"ಬಂತ್ ನೋಡು," ಎಂದಳು ಆಯಿ ಸಂತೋಷದಿಂದ. ಸೆರಗಿನಿಂದ ಗಲ್ಲ ಒರೆಸಿಕೊಂಡಳು. "ಎಣ್ಣಿ ಹಾಕಿದ್ದು ಚಲೋ ಆತು. ನೀನೂ ಚಂದ ಹಿಡದಿ."

ಹಂಪಮ್ಮನ ಅಂಗೈ ಚುರುಚುರು ಎನ್ನುತ್ತಿತ್ತು, ಆದರೆ ಅವಳು ನೋಡುತ್ತಿದ್ದದ್ದು ಆಯಿಯ ಕಣ್ಣನ್ನು. ಅದು ಮಿಟುಕಿತು. ಮತ್ತೊಮ್ಮೆ ಮಿಟುಕಿತು. ಆಮೇಲೆ ಎಂದಿನಂತೆ ಬೆಳ್ಳಕ್ಕಿಯ ಕಡೆ ಹೊರಳಿತು.

ಸೈಕಲ್ ಗಂಟೆ ಕೇಳಿಸಿತು. ಬಸವಂತರಾಯ ಅರ್ಧ ಊಟಕ್ಕೇ ಎದ್ದು ಬಂದಿದ್ದ.

"ಸರಿ ಆತಾ?"

"ಆಗ್ಯದೋ ತಮ್ಮಾ. ನಾನೇ ತೆಗದೀನಿ," ಎಂದಳು ಆಯಿ.

ಬಸವಂತರಾಯ ಬಂದೂಕನ್ನು ತಿರುಗಿಸಿ ನೋಡಿದ. ಕೈಯೆಲ್ಲ ಎಣ್ಣೆಯಾಯಿತು. "ಇದೇನ್ ಬಂದೂಕಿನ್ಯಾಗ ಬಜ್ಜಿ ಕರ್ದೀರೇನು," ಎಂದ. ಆಮೇಲೆ ಮೇಲ್ಭಾಗದ ಒಂದು ಸಣ್ಣ ಮುಚ್ಚಳ ಎತ್ತಿದ. ಒಳಗೆ ಡಾರ್ಟು ಕೂರುವ ಜಾಗ ಕಾಣಿಸಿತು. "ಇಲ್ಲಿಂದ ತೆಗೀಬೇಕಿತ್ತು. ಹೇಳೋದು ಮರತೆ. ಬಾಯಿ ನೆಲಕ್ಕ ಮಾಡಿ, ಇದನ್ನ ತೆರೆದು, ಬೆರಳಿಂದ ತೆಗಿಯೋದು."

"ಬಾಯಿ ಕಡಿಂದ ನೋಡಿದ್ರ?" ಎಂದಳು ಹಂಪಮ್ಮ.

"ಒಳಗ ಡಾರ್ಟ್ ಇದ್ದಾಗ ಬಾಯಿ ಕಡಿ ಯಾರ್ ನೋಡ್ತಾರ? ಗೊತ್ತಿದ್ದವ್ರು ನೋಡಲ್ಲ."

ಗೊತ್ತಿದ್ದವರು. ಹಂಪಮ್ಮನಿಗೆ ಗೊತ್ತಿತ್ತು. ಬೆಳಿಗ್ಗೆಯಿಂದ ಅದು ಹಾರುವುದನ್ನು, ಹಾರಿದ ಡಾರ್ಟು ಖಾಲಿ ತಗಡಿನ ಡಬ್ಬಿಯನ್ನು ಉರುಳಿಸಿದ್ದನ್ನು ಕಣ್ಣಾರೆ ಕಂಡಿದ್ದಳು. ಆಯಿ ಕಂಡಿರಲಿಲ್ಲ. ಆಯಿಗೆ ಹೇಳಿದ್ದು ಗಂಟಲು ಎಂದು ಮಾತ್ರ.

ಬಸವಂತರಾಯ ಬಂದೂಕನ್ನು ಒರೆಸಿಕೊಂಡು ಹೋದ. ಆಯಿ ಮತ್ತೆ ಬೆಳ್ಳಕ್ಕಿ ನೋಡುತ್ತ ಕುಳಿತಳು. ಹಂಪಮ್ಮ ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಆಯಿ."

"ಹೂಂ."

"ಅದು ನಿನ್ನ ಕಣ್ಣಿಗಿ ಬಡೀತಿತ್ತು. ಒಳಗ ಗುಂಡು ಇತ್ತು, ಅದು ಹಾರ್ತದ. ನಾ ನಿಂಗ ಹೇಳಿಲ್ಲ." ಒಂದೇ ಉಸಿರಿಗೆ ಅಷ್ಟೂ ಹೇಳಿದಳು.

ಆಯಿಯ ಕೈ ಮೆಲ್ಲಗೆ ಮೇಲೆದ್ದು ಬಲಗಣ್ಣಿನ ಹತ್ತಿರ ಹೋಗಿ, ಮುಟ್ಟದೆ, ಗಾಳಿಯಲ್ಲೇ ನಿಂತಿತು. ಆಕೆಯ ಮುಖದಲ್ಲಿದ್ದ ನಗೆ ಎಲ್ಲಿಗೋ ಹೋಯಿತು. ತುಟಿ ಮಾತ್ರ ಅಲುಗುತ್ತಿತ್ತು. ಯಾರ ಹೆಸರು ಹೇಳುತ್ತಿದ್ದಳೋ ಕೇಳಿಸಲಿಲ್ಲ. ಕುರಿಗಳು ಕೂಳೆ ಮೇಯುವ ಸದ್ದು ಬಹಳ ಜೋರಾಗಿ ಕೇಳತೊಡಗಿತು.

ಈಗ ಬೈಯುತ್ತಾಳೆ ಎಂದು ಹಂಪಮ್ಮ ಕಾದಳು. ಬೈದರೆ ಒಳ್ಳೆಯದಿತ್ತು.

"ನಿನ್ನ ಕೈಗಿ ಬಡೀತೇನು?" ಎಂದಳು ಆಯಿ ಕೊನೆಗೆ.

"ಹೂಂ."

"ತಾ ಇಲ್ಲಿ."

ಹಂಪಮ್ಮ ಮುಷ್ಟಿ ಬಿಚ್ಚಿದಳು. ಆಯಿ ಆ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದು ಮುಖದ ಹತ್ತಿರ ತಂದುಕೊಂಡಳು. ನಡುವೆ ಒಂದು ರೂಪಾಯಿಯಷ್ಟಗಲ ದುಂಡನೆ ಗುರುತು ಎದ್ದಿತ್ತು.

"ಎಷ್ಟ್ ಕೆಂಪಗ ಆಗ್ಯದ," ಎಂದಳು ಆಯಿ.

ಹಂಪಮ್ಮ ಕೈ ಅಲುಗಿಸಲಿಲ್ಲ. ಆಯಿ ನೋಡುವಷ್ಟೂ ನೋಡಲಿ ಎಂದು ಹಾಗೆಯೇ ಹಿಡಿದುಕೊಂಡು ಕುಳಿತಳು.